ಹಳೇ ಇನ್ನೋವಾ, ಕ್ರಿಸ್ಟಾ, ಹೈಕ್ರಾಸ್: ಮನೆಮಂದಿಯ ದಿನಬಳಕೆಗೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಏಳು ಸೀಟಿನ ಗಾಡಿ ಅಂದ ಕೂಡಲೇ ನಮ್ಮ ಕಡೆ ಮೊದಲು ಬಾಯಿಗೆ ಬರುವ ಹೆಸರು ಟೊಯೋಟಾದ ಇನ್ನೋವಾ. ಅದರಲ್ಲೂ ಯಾವ ಇನ್ನೋವಾ ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕಾರು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ, ಅದನ್ನು ಮುಚ್ಚಿಟ್ಟಿಲ್ಲ.

ಪ್ರಶ್ನೆ: ಮೂರನ್ನೂ ಇನ್ನೋವಾ ಅಂತಲೇ ಕರೀತಾರೆ. ನಿಜವಾದ ವ್ಯತ್ಯಾಸ ಏನು?

ಹೆಸರು ಒಂದೇ, ಒಳಗಿನ ಗಾಡಿ ಬೇರೆ. ಮೊದಲ ಇನ್ನೋವಾ 2005ರಲ್ಲಿ ಅದೇ ಕಂಪನಿಯ ಕ್ವಾಲಿಸ್ ಜಾಗಕ್ಕೆ ಬಂತು. 2.5 ಲೀಟರ್ ಡೀಸೆಲ್ ಎಂಜಿನ್, 102 ಪಿಎಸ್ ಶಕ್ತಿ. 2016ರಲ್ಲಿ ಕ್ರಿಸ್ಟಾ ಬಂತು. 2.4 ಲೀಟರ್ ಡೀಸೆಲ್, 150 ಪಿಎಸ್. ಮೊದಲ ವರ್ಷಗಳಲ್ಲಿ 2.8 ಲೀಟರ್ ಡೀಸೆಲ್ ಆಟೋಮ್ಯಾಟಿಕ್ ಕೂಡ ಸಿಗುತ್ತಿತ್ತು. ಇವೆರಡೂ ಲಾರಿ, ಜೀಪಿನ ಹಾಗೆ ಚಾಸಿಸ್ ಎನ್ನುವ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಎಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ.

ಹೈಕ್ರಾಸ್ ಅನ್ನು 2022ರ ನವೆಂಬರ್‌ನಲ್ಲಿ ತೋರಿಸಿದರು, ಜನರ ಕೈಗೆ ಸಿಕ್ಕಿದ್ದು 2023ರಲ್ಲಿ. ಇದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲುಬು. ಓಡಿಸುವುದು ಮುಂದಿನ ಚಕ್ರ. ಡೀಸೆಲ್ ಇಲ್ಲವೇ ಇಲ್ಲ. 2 ಲೀಟರ್ ಪೆಟ್ರೋಲ್ ಅಥವಾ ಅದೇ ಅಳತೆಯ ಪೆಟ್ರೋಲ್ ಹೈಬ್ರಿಡ್, ಅಂದರೆ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಗಾಡಿ. ಹಾಗಾಗಿ ಕ್ರಿಸ್ಟಾದ ಮುಂದಿನ ಅವತಾರ ಹೈಕ್ರಾಸ್ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕಂಪನಿಯೂ ಹಾಗೆ ಅಂದುಕೊಂಡಿಲ್ಲ. 2023ರಲ್ಲಿ ಕ್ರಿಸ್ಟಾವನ್ನು ಡೀಸೆಲ್ ಮ್ಯಾನುಯಲ್ ಆಗಿ ಮತ್ತೆ ಮಾರಾಟಕ್ಕೆ ಬಿಟ್ಟು, ಎರಡನ್ನೂ ಪಕ್ಕಪಕ್ಕದಲ್ಲೇ ಮಾರಿತು. ಅಂದ ಹಾಗೆ ಕ್ವಾಲಿಸ್‌ನಿಂದ ಹಿಡಿದು ಹೈಕ್ರಾಸ್‌ವರೆಗೆ ಎಲ್ಲವೂ ನಮ್ಮ ಬಿಡದಿಯಲ್ಲೇ ತಯಾರಾದವು. ತಟ್ಟೆ ಇಡ್ಲಿ ತಿನ್ನಲು ಮೈಸೂರು ರಸ್ತೆಯಲ್ಲಿ ಗಾಡಿ ನಿಲ್ಲಿಸುವವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿರುವುದಿಲ್ಲ.

ಪ್ರಶ್ನೆ: ದಿನಾ ಆಫೀಸು, ಸ್ಕೂಲು, ಬೆಂಗಳೂರು ಟ್ರಾಫಿಕ್. ಯಾವುದು ಸರಿ?

ದುಡ್ಡಿದ್ದರೆ ಹೈಕ್ರಾಸ್ ಹೈಬ್ರಿಡ್. ಇದರಲ್ಲಿ ನನಗೆ ಅನುಮಾನವಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಹತ್ತಡಿ ಮುಂದೆ ಹೋಗಿ ನಿಲ್ಲುವ ಹೊತ್ತಿಗೆ ಅದರ ಎಂಜಿನ್ ಆಫ್ ಆಗಿರುತ್ತದೆ, ಎಸಿ ಮಾತ್ರ ಓಡುತ್ತಿರುತ್ತದೆ, ಗಾಡಿ ಮೋಟಾರಿನಲ್ಲೇ ತೆವಳುತ್ತದೆ. ಕ್ಲಚ್ ಪೆಡಲ್ ಇಲ್ಲ. ಬೇರೆ ಗಾಡಿಗಳ ಮೈಲೇಜ್ ಬೀಳುವುದು ಇಂಥ ಟ್ರಾಫಿಕ್‌ನಲ್ಲೇ, ಇದಕ್ಕೆ ಅನುಕೂಲ ಆಗುವುದೂ ಅಲ್ಲೇ.

ಹಳೇ 2.5 ಇನ್ನೋವಾವನ್ನು ದಿನಾ ಎರಡು ಹೊತ್ತು ಟ್ರಾಫಿಕ್‌ನಲ್ಲಿ ಓಡಿಸುವವರ ಎಡಗಾಲು ಎಷ್ಟು ಗಟ್ಟಿ ಎಂದು ಅವರನ್ನೇ ಕೇಳಿ. ಕ್ಲಚ್ ಭಾರ, ಗೇರ್ ಲಿವರ್ ಉದ್ದ. ಡೀಸೆಲ್ಲೇ ಬೇಕು, ಸಿಟಿಯಲ್ಲೇ ಓಡಿಸಬೇಕು ಎಂದರೆ 2016ರಿಂದ 2022ರ ನಡುವಿನ ಕ್ರಿಸ್ಟಾ ಆಟೋಮ್ಯಾಟಿಕ್ ಹುಡುಕಿ. ಆಮೇಲಿನ ಕ್ರಿಸ್ಟಾದಲ್ಲಿ ಆಟೋಮ್ಯಾಟಿಕ್ ಇಲ್ಲ.

ಹೈಬ್ರಿಡ್ ಅಲ್ಲದ ಬರೀ ಪೆಟ್ರೋಲ್ ಹೈಕ್ರಾಸ್ ಬಗ್ಗೆಯೂ ಕೇಳುತ್ತಾರೆ. ಬೆಲೆ ಕಡಿಮೆ ಅನ್ನುವುದು ಬಿಟ್ಟರೆ ಅದರಲ್ಲಿ ನನಗೆ ಆಕರ್ಷಣೆ ಕಾಣುವುದಿಲ್ಲ. ಸಿಟಿಯಲ್ಲಿ ಪೆಟ್ರೋಲ್ ಚೆನ್ನಾಗಿ ಕುಡಿಯುತ್ತದೆ.

ಪ್ರಶ್ನೆ: ಹೈಬ್ರಿಡ್ 23 ಕಿಲೋಮೀಟರ್ ಕೊಡುತ್ತದೆ ಅಂತಾರಲ್ಲ, ನಿಜವಾ?

23.24 ಅನ್ನುವುದು ಪರೀಕ್ಷಾ ಕೇಂದ್ರದ ಅಂಕಿ. ಮನೆಮಂದಿ, ಎಸಿ, ಉಬ್ಬುಗಳು ಎಲ್ಲ ಸೇರಿದ ನಿಜವಾದ ರಸ್ತೆಯಲ್ಲಿ 16-18 ಎಂದು ಹಿಡಿದರೆ ನಿರಾಸೆ ಆಗುವುದಿಲ್ಲ. ಹಳೇ ಇನ್ನೋವಾ, ಕ್ರಿಸ್ಟಾ ಡೀಸೆಲ್‌ಗಳಿಗೆ ಸಿಟಿಯಲ್ಲಿ 11ರ ಆಸುಪಾಸು ಎಂದಿಟ್ಟುಕೊಳ್ಳೋಣ.

ಈಗ ಲೆಕ್ಕ ಮಾಡಿ ನೋಡಿ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ, ತಿಂಗಳಿಗೆ 1,000 ಕಿಲೋಮೀಟರ್ ಓಟ ಎಂದಿಟ್ಟುಕೊಳ್ಳಿ. ಡೀಸೆಲ್ ಗಾಡಿಗೆ ಸುಮಾರು 8,300 ರೂಪಾಯಿ ಆಗುತ್ತದೆ. ಹೈಬ್ರಿಡ್ 17 ಕೊಟ್ಟರೆ ಸುಮಾರು 6,100. ಉಳಿತಾಯ 2,200, ವರ್ಷಕ್ಕೆ 26 ಸಾವಿರ ಚಿಲ್ಲರೆ. ಹಳೇ ಗಾಡಿಗೂ ಹೊಸ ಹೈಬ್ರಿಡ್‌ಗೂ ಇರುವ ಬೆಲೆಯ ಅಂತರ ಹದಿನೈದು ಇಪ್ಪತ್ತು ಲಕ್ಷ. ಆ ದುಡ್ಡು ಇಂಧನದಲ್ಲಿ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ತಿಂಗಳಿಗೆ 3,000 ಕಿಲೋಮೀಟರ್ ಓಡಿಸುವವರಿಗೆ ವರ್ಷದ ಉಳಿತಾಯ 80 ಸಾವಿರದ ಹತ್ತಿರ ಹೋಗುತ್ತದೆ. ಅಂಥವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುವ ಮಾತು. ಉಳಿದವರು ಹೈಬ್ರಿಡ್ ತಗೊಳ್ಳುವುದಾದರೆ ಆರಾಮಕ್ಕೆ ತಗೊಳ್ಳಿ, ಉಳಿತಾಯಕ್ಕಲ್ಲ.

ಇನ್ನೊಂದು ಖರ್ಚನ್ನು ಮರೆಯಬೇಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್. ಎಕ್ಸ್-ಶೋರೂಂ ಬೆಲೆ ನೋಡಿ ಖುಷಿಪಟ್ಟವರು ಆನ್‌ರೋಡ್ ಬೆಲೆ ನೋಡಿ ಕುರ್ಚಿ ಹಿಡಿದುಕೊಳ್ಳುತ್ತಾರೆ.

ಪ್ರಶ್ನೆ: ಹೈಬ್ರಿಡ್ ಗಾಡಿಗೆ ಚಾರ್ಜ್ ಹಾಕಬೇಕಾ?

ಬೇಡ. ಪ್ಲಗ್ಗೇ ಇಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ, ಎಂಜಿನ್ ಓಡುವಾಗ ತಾನೇ ಚಾರ್ಜ್ ಆಗುತ್ತದೆ.

ಪ್ರಶ್ನೆ: ಬ್ಯಾಟರಿ ಕೆಟ್ಟರೆ ಮನೆ ಮಾರಬೇಕಾ?

ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ, ಯಾವುದು ಮೊದಲೋ ಅದು. ಟೊಯೋಟಾದವರು ಈ ಬಗೆಯ ನಿಕಲ್ ಬ್ಯಾಟರಿಯನ್ನು 1997ರ ಪ್ರಿಯಸ್ ಕಾಲದಿಂದ ಬಳಸುತ್ತಾ ಬಂದಿದ್ದಾರೆ. ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. ಆದರೂ ಹತ್ತು ವರ್ಷದ ಮೇಲೂ ಇಟ್ಟುಕೊಳ್ಳುವವರು ಆ ಖರ್ಚಿಗೆ ಒಂದಿಷ್ಟು ದುಡ್ಡು ಎತ್ತಿಡಬೇಕು.

ಇದಕ್ಕಿಂತ ಹತ್ತಿರದ ತಲೆನೋವು ಎರಡಿವೆ. ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಕ್ಯಾಬಿನ್ ಒಳಗೇ ಇರುತ್ತದೆ. ಅದರ ಮುಂದೆ ಬ್ಯಾಗು, ಬೆಡ್‌ಶೀಟು ತುರುಕಿದರೆ ಬ್ಯಾಟರಿ ಕಾಯುತ್ತದೆ. ಸರ್ವೀಸ್‌ನಲ್ಲಿ ಆ ಫಿಲ್ಟರ್ ತೆಗೆದು ಧೂಳು ಕೊಡವಿದರಾ ಎಂದು ಕೇಳಿ. ಎರಡನೆಯದು ಮಾಮೂಲಿ 12 ವೋಲ್ಟ್ ಬ್ಯಾಟರಿ. ಮನೆಮಂದಿ ಎಲ್ಲ ತಿಂಗಳುಗಟ್ಟಲೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿಬಿಟ್ಟರೆ ಅದು ಇಳಿದುಹೋಗುತ್ತದೆ, ದೊಡ್ಡ ಬ್ಯಾಟರಿ ಚೆನ್ನಾಗಿದ್ದರೂ ಗಾಡಿ ಏಳುವುದಿಲ್ಲ. ಪಕ್ಕದ ಮನೆಯವರಿಗೆ ಕೀ ಕೊಟ್ಟು ಆಗಾಗ ಒಂದು ಸುತ್ತು ಓಡಿಸಲು ಹೇಳಿ ಹೋಗಿ.

ಪ್ರಶ್ನೆ: ಮನೆಯಲ್ಲಿ ವಯಸ್ಸಾದವರಿದ್ದಾರೆ. ಹತ್ತಿ ಇಳಿಯಲು ಯಾವುದು ಸಲೀಸು?

ನನ್ನ ಪ್ರಕಾರ ಕಾರು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಚಾಸಿಸ್ ಮೇಲೆ ಬಾಡಿ ಕೂತ ಗಾಡಿಯಲ್ಲಿ ನೆಲ ಎತ್ತರ. ಮಂಡಿನೋವಿನ ಅಜ್ಜಿ ಸೀರೆ ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಂಬದ ಹಿಡಿ ಹಿಡಿದು, ಕಾಲು ಎತ್ತಿ ಒಳಗಿಡಬೇಕು. ಹಳೇ ಇನ್ನೋವಾ, ಕ್ರಿಸ್ಟಾಗಳಿಗೆ ಜನ ಹೊರಗಡೆ ಮೆಟ್ಟಿಲು ಹಾಕಿಸುವುದು ಶೋಕಿಗಲ್ಲ, ಇದಕ್ಕೇ. ಹೈಕ್ರಾಸ್‌ನ ನೆಲ ಅದಕ್ಕಿಂತ ತಗ್ಗು. ಸೀಟು ಸುಮಾರಾಗಿ ಸೊಂಟದ ಮಟ್ಟಕ್ಕೆ ಬರುವುದರಿಂದ ಹಿಂದಕ್ಕೆ ಸರಿದು ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಳ್ಳಬಹುದು.

ಆದರೆ ನನ್ನ ಮಾತು ನಂಬಿ ಬುಕ್ ಮಾಡಬೇಡಿ. ಅಜ್ಜಿಯನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ. ಸೇಲ್ಸ್ ಹುಡುಗ ಮುಂದಿನ ಸೀಟಿನ ಸ್ಕ್ರೀನ್ ತೋರಿಸುತ್ತಾ ಇರಲಿ, ನೀವು ಎರಡನೇ ಸಾಲಿನ ಬಾಗಿಲು ತೆಗೆದು ಅಜ್ಜಿಗೆ ಮೂರು ಸಲ ಹತ್ತಿ ಇಳಿಯಲು ಹೇಳಿ. ಮೂರನೇ ಸಲ ಅವರು "ಸಾಕಪ್ಪಾ" ಅಂದರೆ ನಿಮಗೆ ಉತ್ತರ ಸಿಕ್ಕಿತು. ಹಾಗೇ ಎರಡನೇ ಸಾಲಿಗೆ ಎರಡು ಬೇರೆ ಬೇರೆ ಸೀಟು ಬೇಕಾ, ಉದ್ದನೆಯ ಒಂದೇ ಸೀಟು ಬೇಕಾ ಎನ್ನುವುದನ್ನೂ ಅಲ್ಲೇ ತೀರ್ಮಾನಿಸಿ. ಬೇರೆ ಸೀಟಾದರೆ ಮಧ್ಯದಿಂದ ಹಿಂದಕ್ಕೆ ನುಸುಳಬಹುದು. ಉದ್ದ ಸೀಟಾದರೆ ಎಂಟು ಜನ ಕೂರಬಹುದು, ಮಗು ಮಲಗಬಹುದು.

ಪ್ರಶ್ನೆ: ಮೂರನೇ ಸಾಲಿನಲ್ಲಿ ದೊಡ್ಡವರು ಕೂರಬಹುದಾ?

ಮೂರರಲ್ಲೂ ಕೂರಬಹುದು. ಧರ್ಮಸ್ಥಳದವರೆಗೆ ಗೊಣಗದೆ ಕೂರಬಹುದಾ ಎನ್ನುವುದು ಬೇರೆ ಪ್ರಶ್ನೆ. ಹಳೆಯ ಎರಡರಲ್ಲಿ ಹಿಂದೆ ಕೂತವರು ಹಿಂದಿನ ಚಕ್ರದ ಮೇಲೇ ಕೂತ ಹಾಗೆ, ಗುಂಡಿ ಬಂದಾಗ ಎದ್ದು ಬೀಳುತ್ತಾರೆ. ಹೈಕ್ರಾಸ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2,850 ಮಿಲಿಮೀಟರ್. ಹಳೆಯವುಗಳಿಗಿಂತ 100 ಮಿಲಿಮೀಟರ್ ಜಾಸ್ತಿ, ಅದು ಹಿಂದಿನವರ ಮಂಡಿಗೆ ಗೊತ್ತಾಗುತ್ತದೆ. ಹಿಂದಿನ ಸೀಟು ಬೇಡವಾದಾಗ ಹಳೇ ಗಾಡಿಗಳಲ್ಲಿ ಎರಡು ಪಕ್ಕಕ್ಕೆ ಎತ್ತಿ ಕಟ್ಟಬೇಕು, ಸಾಮಾನು ಇಡುವ ಅಗಲ ಅಷ್ಟು ಕಮ್ಮಿಯಾಗುತ್ತದೆ. ಹೈಕ್ರಾಸ್‌ನಲ್ಲಿ ಅದು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ.

ಎಲ್ಲ ಸೀಟೂ ತುಂಬಿದರೆ ಲಗೇಜ್ ಎಲ್ಲಿ? ಮೇಲೆ ಕ್ಯಾರಿಯರ್. ಇದಕ್ಕೆ ಬೇರೆ ದಾರಿ ಇಲ್ಲ.

ಪ್ರಶ್ನೆ: ನಮ್ಮೂರು ಮಲೆನಾಡು. ಘಾಟಿ, ತೋಟದ ಮಣ್ಣು ರಸ್ತೆ. ಹೈಕ್ರಾಸ್ ಆಗುತ್ತದಾ?

ಘಾಟಿ ಡಾಂಬರು ರಸ್ತೆಗೆ ಯಾವ ತೊಂದರೆಯೂ ಇಲ್ಲ. ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ಹೈಕ್ರಾಸ್ ಹೆಚ್ಚು ಓಲಾಡುವುದಿಲ್ಲ, ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ. ಆದರೆ ಉದ್ದದ ಇಳಿಜಾರಿನಲ್ಲಿ ಒಂದು ವಿಷಯ ನೆನಪಿರಲಿ. ಬ್ಯಾಟರಿ ತುಂಬಿದ ಮೇಲೆ ಮೋಟಾರಿನ ಬ್ರೇಕ್ ಸಹಾಯ ಕಡಿಮೆಯಾಗುತ್ತದೆ, ಎಂಜಿನ್ ತಾನೇ ಜೋರಾಗಿ ತಿರುಗಲು ಶುರು ಮಾಡುತ್ತದೆ. ಅದು ಕೆಟ್ಟಿದ್ದಲ್ಲ, ಎಂಜಿನ್ ಬ್ರೇಕ್ ಕೆಲಸ ಮಾಡುತ್ತಿದೆ ಅಷ್ಟೇ.

ತೋಟದ ರಸ್ತೆಯದು ಬೇರೆ ಕಥೆ. ಗಾಡಿ ತುಂಬಾ ಜನ, ಮೂಟೆ ತುಂಬಿಕೊಂಡು ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಓಡಿಸುವ ಕ್ರಿಸ್ಟಾಗೆ ಅದರಿಂದ ಹಿಡಿತ ಹೆಚ್ಚುತ್ತದೆ, ಮುಂದಿನ ಚಕ್ರ ಓಡಿಸುವ ಹೈಕ್ರಾಸ್‌ಗೆ ಹಿಡಿತ ತಪ್ಪುತ್ತದೆ. ಜುಲೈ ಮಳೆಯಲ್ಲಿ ಕೆಂಪು ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ಸುಮ್ನೆ ಸುತ್ತುತ್ತಾ ನಿಲ್ಲುತ್ತದೆ. ಚಾಸಿಸ್ ಗಾಡಿ ಕಲ್ಲು, ಕೊರಕಲುಗಳ ಏಟನ್ನು ವರ್ಷಗಟ್ಟಲೆ ತಡೆಯುವುದೂ ಹೆಚ್ಚು. ಮನೆಯವರೆಗಿನ ಕೊನೆಯ ಒಂದೆರಡು ಕಿಲೋಮೀಟರ್ ಹೀಗಿದ್ದರೆ ಕ್ರಿಸ್ಟಾ ಅಥವಾ ಚೆನ್ನಾಗಿಟ್ಟ ಹಳೇ ಇನ್ನೋವಾ ತಗೊಳ್ಳಿ.

ಪ್ರಶ್ನೆ: ಹೊಸ ಡೀಸೆಲ್ ಕ್ರಿಸ್ಟಾ ಸಿಟಿಗೆ ಆಗಲ್ವಾ?

ಆಗುತ್ತದೆ, ಒಂದು ಷರತ್ತಿನ ಮೇಲೆ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ಹಿಡಿದ ಮಸಿಯನ್ನು ಸುಡಲು ಅದು ಚೆನ್ನಾಗಿ ಕಾಯಬೇಕು. ದಿನಾ ಸ್ಕೂಲಿಗೆ ಎರಡು ಕಿಲೋಮೀಟರ್, ತರಕಾರಿಗೆ ಒಂದು ಕಿಲೋಮೀಟರ್ ಓಡಿಸುವ ಗಾಡಿಯಲ್ಲಿ ಅದು ಕಾಯುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಗೆ ಹೋಗಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸುವ ಅಭ್ಯಾಸ ಇದ್ದರೆ ಸಮಸ್ಯೆ ಇಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಇನ್ನೋವಾ ನೋಡಲು ಹೋದಾಗ ಏನೇನು ನೋಡಬೇಕು?

ಬೆಳಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರುವಾಗ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಏನೋ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದ ಮೇಲೆ ಕಪ್ಪು ಅಥವಾ ಬಿಳಿ ಹೊಗೆ ನಿಲ್ಲದೆ ಬಂದರೆ, ಎಂಜಿನ್ ಅದುರಿದರೆ, ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಖರ್ಚು ಕಾದಿದೆ ಎಂದರ್ಥ. 2.5 ಡೀಸೆಲ್‌ನಲ್ಲಿ ಇಂಜೆಕ್ಟರ್ ದೂರು ಹಳೆಯದು.

ಅದೇ 2.5 ಎಂಜಿನ್‌ನಲ್ಲಿ ಒಳಗಿನ ಭಾಗಗಳನ್ನು ತಾಳಕ್ಕೆ ತಕ್ಕಂತೆ ತಿರುಗಿಸುವ ಟೈಮಿಂಗ್ ಬೆಲ್ಟ್ ಇದೆ, ಕ್ರಿಸ್ಟಾದಲ್ಲಿ ಅದೇ ಕೆಲಸಕ್ಕೆ ಚೈನ್. ಬೆಲ್ಟ್ ಯಾವಾಗ ಬದಲಾಯಿಸಿದ್ದಾರೆ ಎನ್ನುವುದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂದುಕೊಂಡೇ ಬೆಲೆ ಮಾತಾಡಿ, ಕೊಂಡ ವಾರವೇ ಹಾಕಿಸಿ. ಓಡುವಾಗ ಅದು ಹರಿದರೆ ಎಂಜಿನ್ ಹೆಡ್ ಬಿಚ್ಚಬೇಕಾಗುತ್ತದೆ.

ಮೀಟರಿನ ಸಂಖ್ಯೆಯನ್ನು ನಂಬಬೇಡಿ, ಪೆಡಲ್ ನೋಡಿ. 70 ಸಾವಿರ ಓಡಿದೆ ಅನ್ನುವ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ಒಂದು ಮೂಲೆಯಲ್ಲಿ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ, ಮೀಟರ್ ಹಿಂದಕ್ಕೆ ತಿರುಗಿದೆ. ರಬ್ಬರ್ ಹೊಸದಾಗಿ ಫಳಫಳ ಅನ್ನುತ್ತಿದ್ದರೂ ಅನುಮಾನ ಪಡಿ. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ಬುಡದ ಚೀಟಿಯಲ್ಲಿ ತಯಾರಾದ ವರ್ಷ ಇರುತ್ತದೆ. ಗಾಡಿ 2012ರದ್ದು, ಬೆಲ್ಟ್ 2017ರದ್ದು ಎಂದರೆ ಮಧ್ಯೆ ಏನೋ ನಡೆದಿದೆ ಅಲ್ವಾ?

ಕೊನೆಗೆ ಪಾರ್ಕಿಂಗ್ ಜಾಗದ ನೆಲ ನೋಡಿ. ಗಾಡಿ ದಿನಾ ನಿಲ್ಲುವ ಜಾಗದಲ್ಲಿ ಎಣ್ಣೆ ಕಲೆ ಇದ್ದರೆ ಓನರ್ ಏನೂ ಹೇಳಬೇಕಿಲ್ಲ.

ಪ್ರಶ್ನೆ: ಟ್ಯಾಕ್ಸಿಯಾಗಿ ಓಡಿದ ಗಾಡಿ ಎಂದು ಹೇಗೆ ಗೊತ್ತಾಗುತ್ತದೆ?

ಯೆಲ್ಲೋ ಬೋರ್ಡ್ ತೆಗೆಸಿ ವೈಟ್ ಬೋರ್ಡ್ ಮಾಡಿಸಿದ ಇನ್ನೋವಾಗಳು ಮಾರುಕಟ್ಟೆಯಲ್ಲಿ ತುಂಬಾ ಇವೆ. ಅದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಛಾವಣಿಯಲ್ಲಿ ಕ್ಯಾರಿಯರ್ ಕೂತಿದ್ದ ಗುರುತು, ಗಾಜಿನ ಮೇಲೆ ಕಿತ್ತ ಸ್ಟಿಕರಿನ ಅಂಟು, ವೇಗ ಮಿತಿಯ ಪೆಟ್ಟಿಗೆ ತೆಗೆದ ಮೇಲೆ ಉಳಿದ ತುಂಡು ವೈರುಗಳು, ಇವೆಲ್ಲ ಸಾಕ್ಷಿ. ಸರ್ವೀಸ್ ಸೆಂಟರಿನ ಹಳೇ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು. ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ ಬಾಕಿ, ಇನ್ಶೂರೆನ್ಸ್, ದಂಡ ಬಾಕಿ ನೋಡಿ. 2019ರ ಏಪ್ರಿಲ್‌ಗಿಂತ ಹಳೆಯದಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್) ಪ್ಲೇಟ್ ಹಾಕಿಸಿದ್ದಾರಾ ಎನ್ನುವುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ದೆಹಲಿ ನಂಬರಿನ ಕ್ರಿಸ್ಟಾ ತುಂಬಾ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲಾ?

ಅಗ್ಗ ಯಾಕೆ ಎಂದರೆ, ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿ ಹಳೇ ಡೀಸೆಲ್‌ಗೆ ಬೆಲೆ ಬಿದ್ದಿತು. ಕರ್ನಾಟಕದಲ್ಲಿ ಆ ಹತ್ತು ವರ್ಷದ ನಿಯಮ ಇಲ್ಲ. ಆದರೆ ಇಲ್ಲಿಗೆ ತಂದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ಬೇಕು, 12 ತಿಂಗಳ ಒಳಗೆ ಇಲ್ಲಿಯ ನಂಬರ್ ಮಾಡಿಸಬೇಕು, ಗಾಡಿಯ ವಯಸ್ಸು ನೋಡಿ ಇಲ್ಲಿಯ ಜೀವಿತಾವಧಿ ತೆರಿಗೆ ಮತ್ತೆ ಕಟ್ಟಬೇಕು. ಬ್ರೋಕರ್ ಹೇಳಿದ ಬೆಲೆಗೆ ಇದನ್ನೆಲ್ಲ ಕೂಡಿಸಿ ನೋಡಿದ ಮೇಲೂ ಅಗ್ಗ ಅನಿಸಿದರೆ ಯೋಚಿಸಿ.

ಪ್ರಶ್ನೆ: 15 ವರ್ಷ ಆದ ಇನ್ನೋವಾ ಗುಜರಿಗೆ ಹಾಕಲೇಬೇಕಾ?

ಬೇಡ. ಆರ್‌ಟಿಒದಲ್ಲಿ ಗಾಡಿ ತೋರಿಸಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಬಹುದು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ, ಹಸಿರು ತೆರಿಗೆ ಬೇರೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಶುಲ್ಕವನ್ನು 10,000ಕ್ಕೆ ಏರಿಸಿದ್ದಾರೆ.

ಪ್ರಶ್ನೆ: ಹಳೇ ಪೆಟ್ರೋಲ್ ಇನ್ನೋವಾಗೆ ಈಗಿನ ಎಥೆನಾಲ್ ಪೆಟ್ರೋಲ್ ಆಗುತ್ತದಾ?

ಓಡುತ್ತದೆ. ಆದರೆ ಅದು ಶೇ. 20 ಎಥೆನಾಲ್‌ಗೆಂದು ಮಾಡಿದ ಎಂಜಿನ್ ಅಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೇ ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗಬಹುದು. ವರ್ಷಕ್ಕೊಮ್ಮೆ ಅವನ್ನು ಮೆಕ್ಯಾನಿಕ್‌ಗೆ ತೋರಿಸಿ, ತಿಂಗಳುಗಟ್ಟಲೆ ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ಕೊಳೆಯಲು ಬಿಡಬೇಡಿ.

ಪ್ರಶ್ನೆ: ಹಳೇ ಗಾಡಿ ಗಟ್ಟಿ ಕಬ್ಬಿಣ, ಹೊಸದು ಬರೀ ತಗಡು ಅಂತಾರಲ್ಲ?

ಈ ಮಾತನ್ನು ಎಲ್ಲ ಚಿಕ್ಕಪ್ಪಂದಿರೂ ಹೇಳುತ್ತಾರೆ. ಗಟ್ಟಿ ಚಾಸಿಸ್ ಗಾಡಿಯನ್ನು ಕಾಪಾಡುತ್ತದೆ, ಒಳಗಿನವರನ್ನು ಕಾಪಾಡಲು ಅದೊಂದೇ ಸಾಲದು. ಡಿಕ್ಕಿಯ ಏಟನ್ನು ಮುಂಭಾಗ ಮುದುರಿಕೊಂಡು ನುಂಗಬೇಕು, ಏರ್‌ಬ್ಯಾಗ್ ತೆರೆಯಬೇಕು. ಮೊದಲ ಇನ್ನೋವಾದ ಕೆಳಗಿನ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗೂ ಇರಲಿಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ಸೂ ಇರಲಿಲ್ಲ. ಹೈಕ್ರಾಸ್ 2025ರಲ್ಲಿ ಭಾರತ್ ಎನ್‌ಕ್ಯಾಪ್ ಎನ್ನುವ ಡಿಕ್ಕಿ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದಿದೆ. ಮಕ್ಕಳಿರುವ ಮನೆಗೆ ಏರ್‌ಬ್ಯಾಗ್ ಇಲ್ಲದ ಹಳೇ ಇನ್ನೋವಾ ಎಷ್ಟೇ ಅಗ್ಗವಾದರೂ ನಾನು ಬೇಡ ಅನ್ನುತ್ತೇನೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳದಿದ್ದರೆ ಸ್ಟಾರ್ ಎಷ್ಟಿದ್ದರೇನು, ಅದು ಬೇರೆ ಮಾತು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಎರ್ಟಿಗಾ ಸಾಲದಾ?

ಬಹಳ ಮನೆಗಳಿಗೆ ಸಾಕು. ಮನೆಯಲ್ಲಿ ನಾಲ್ಕು ಜನ, ಹಬ್ಬಕ್ಕೆ ಮಾತ್ರ ಆರೇಳು ಜನ ಎಂದಾದರೆ ಎರ್ಟಿಗಾ, ಅದೇ ಗಾಡಿಯ ಟೊಯೋಟಾ ರೂಪ ರೂಮಿಯನ್, ಇಲ್ಲವೇ ಕಿಯಾ ಕ್ಯಾರೆನ್ಸ್ ನೋಡಿ. ಬೀದಿಯಲ್ಲಿ ತಿರುಗಿಸಲು, 30-40 ಸೈಟಿನ ಗೇಟಿನೊಳಗೆ ನುಗ್ಗಿಸಲು ಸುಲಭ. ಸುಮಾರು 4.75 ಮೀಟರ್ ಉದ್ದದ ಹೈಕ್ರಾಸ್ ಎಷ್ಟೋ ಮನೆಗಳಲ್ಲಿ ಮೂತಿ ಹೊರಗಿಟ್ಟುಕೊಂಡೇ ನಿಲ್ಲುತ್ತದೆ. ಬುಕ್ ಮಾಡುವ ಮುಂಚೆ ಟೇಪ್ ಹಿಡಿದು ಗೇಟು ಅಳೆಯಿರಿ. ಎರ್ಟಿಗಾ ಸಿಎನ್‌ಜಿ ಖರ್ಚಿನಲ್ಲಿ ಎಲ್ಲರಿಗಿಂತ ಮುಂದೆ, ಆದರೆ ಡಿಕ್ಕಿಯ ಜಾಗ ಸಿಲಿಂಡರಿಗೆ ಹೋಗುತ್ತದೆ.

ಹೈಕ್ರಾಸ್ ಹೈಬ್ರಿಡ್ಡೇ ಬೇಕು, ವೇಟಿಂಗ್ ಜಾಸ್ತಿ ಎಂದಾದರೆ ಮಾರುತಿಯ ಇನ್‌ವಿಕ್ಟೊ ಕೂಡ ವಿಚಾರಿಸಿ. ಬ್ಯಾಡ್ಜ್ ಬೇರೆ, ಗಾಡಿ ಅದೇ, ತಯಾರಾಗುವುದೂ ಬಿಡದಿಯಲ್ಲೇ.

ಪ್ರಶ್ನೆ: ಮನೆಯಲ್ಲಿ ಅಪ್ಪನ ಕ್ವಾಲಿಸ್ ಇದೆ. ಮಾರಿಬಿಡಲಾ?

ದಿನಬಳಕೆಗೆ ಬೇಡ, ಅದರಲ್ಲೂ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಬೇಡ. ಅದರ ಕಾಲದಲ್ಲಿ ಏರ್‌ಬ್ಯಾಗಿನ ಮಾತೇ ಇರಲಿಲ್ಲ. ಊರಿನ ತೋಟಕ್ಕೆ, ಮಂಡಿಗೆ ಓಡಾಡಲು ಇಟ್ಟುಕೊಳ್ಳಬಹುದು. ಹಳ್ಳಿಯ ಮೆಕ್ಯಾನಿಕ್ಕೂ ಅದರ ಎಂಜಿನ್ ಬಿಚ್ಚಿ ಜೋಡಿಸುತ್ತಾನೆ. ಆದರೆ ಆರ್‌ಸಿಯ ಗಡುವು ಮುಗಿದಿದೆಯಾ ನೋಡಿ. 2005ಕ್ಕೆ ಕ್ವಾಲಿಸ್ ನಿಂತೇಹೋಯಿತು, ಹಾಗಾಗಿ ಎಲ್ಲವೂ 20 ವರ್ಷ ದಾಟಿವೆ ಅಥವಾ ಅದರ ಅಂಚಿನಲ್ಲಿವೆ. ನವೀಕರಣ ಆಗದ ಗಾಡಿ ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ.